ಗುಬ್ಬಿ ಗುರುತಿನ ಚಾಕು

"ಅಕ್ಕಾ, ಅಷ್ಟಕ್ಕೆ ಕೊಟ್ಟುಬಿಡಬೇಡಿ!"

ಬೆನ್ನ ಹಿಂದಿನಿಂದ ಆ ದನಿ ಕೇಳಿದ್ದೇ ತಡ, ಅವಳ ಕೈ ಪರ್ಸಿನೊಳಗೇ ನಿಂತಿತು.

ಭಾನುವಾರದ ಹಳೇ ಸಾಮಾನಿನ ಸಂತೆ. ಗುಜರಿ ಅಕ್ಕ ಹಾಸಿದ್ದ ನೀಲಿ ಟಾರ್ಪಾಲಿನ ಮುಂದೆ ಅವಳು ಮಂಡಿಯೂರಿ ಕೂತಿದ್ದಳು. ಜೊತೆಯಿಲ್ಲದ ಚಮಚ, ಬೀಗ ಕಳೆದುಕೊಂಡ ಕೀಲಿ, ಕಿವಿ ಮುರಿದ ಕಪ್ಪುಗಳ ನಡುವೆ ಅವಳಿಗೆ ಸಿಕ್ಕಿದ್ದು ಒಂದು ಮಡಿಸುವ ಚಾಕು. ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ಕಿರುಬೆರಳಿನ ಉಗುರಿನಷ್ಟು ಪುಟ್ಟ ಗುಬ್ಬಿ!

ಅಕ್ಕ ಕೇಳಿದ್ದು ಎರಡು ಕೊಡೆಗಳ ಬೆಲೆ, ಅಷ್ಟೇ. ಅವಳ ಒಂದು ಕೈ ಆಗಲೇ ಪರ್ಸಿನೊಳಗಿತ್ತು.

ಅಷ್ಟರಲ್ಲಿ ಇವನು!

ಮೂಗಿನ ಮೇಲೊಂದು ಕನ್ನಡಕ, ಕೊರಳಲ್ಲಿ ದಾರ ಕಟ್ಟಿದ ಇನ್ನೊಂದು ಕನ್ನಡಕ. ಬಗ್ಗಿ ಅಲಗಿನ ಬುಡವನ್ನು ಅಕ್ಕನಿಗೆ ತೋರಿಸಿದ. "ಇಲ್ಲಿ ನೋಡಿ, ಗುಬ್ಬಿ ಇದೆ. ಇದನ್ನ ಮಾಡಿದ ಯಜಮಾನರು ತೀರಿಕೊಂಡ ಮೇಲೆ ಇದರ ಬೆಲೆ ಎಲ್ಲಿಗೋ ಹೋಗಿದೆ."

"ಎಲ್ಲಿಗೆ ಹೋಗಿದೆಯಪ್ಪಾ?"

ಅವನು ಹೇಳಿದ. ಅಕ್ಕ ಸ್ಟೂಲಿನ ಮೇಲೆ ಕುಸಿದಳು. "ಅಯ್ಯೋ ನನ್ನ ಕರ್ಮವೇ! ಬೆಳಿಗ್ಗೆ ಹಗ್ಗ ಕತ್ತರಿಸೋಕೆ ಇದನ್ನೇ ಹುಡುಕ್ತಿದ್ದೆ! ಸದ್ಯ ಸಿಗಲಿಲ್ಲ!"

ಮಂಡಿಯೂರಿದ್ದ ಅವಳು ಧಡಕ್ಕನೆ ಎದ್ದು ನಿಂತಳು. "ನಾವಿಬ್ಬರು ಮಾತಾಡ್ಕೊಳ್ತಿದ್ವಿ. ನಿಮ್ಮನ್ನ ಯಾರು ಕರೆದ್ರು ಮಧ್ಯದಲ್ಲಿ?"

"ನಿಮಗೆ ಗುಬ್ಬಿ ಕಾಣಿಸಿರಲಿಲ್ವಾ?"

ಸುಳ್ಳು ಹೇಳುವುದು ಅವಳಿಗೆ ಬಾರದ ವಿದ್ಯೆ. "ಕಾಣಿಸಿತ್ತು."

"ಹಾಗಾದ್ರೆ ಹೇಳದೆ ತಗೊಂಡು ಹೋಗಿದ್ರೆ..." ಅವನು ದನಿ ತಗ್ಗಿಸಿದ, "ಮನೆಗೆ ಹೋದ್ಮೇಲೆ ನಿಮಗೇ ಬೇಜಾರಾಗ್ತಿತ್ತು."

ಅವನು ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಆ ಮೆತ್ತಗಿನ ಮಾತು ಬೈಗುಳಕ್ಕಿಂತ ಚೆನ್ನಾಗಿ ಚುಚ್ಚಿತು.

"ದಲ್ಲಾಳಿ ಬಾಯಲ್ಲಿ ನೀತಿ ಪಾಠ! ಇವತ್ತು ಕೊಂಡು ನಾಳೆ ಎರಡರಷ್ಟಕ್ಕೆ ಮಾರೋರು ನೀವು... ನನಗೆ ಗೊತ್ತಿಲ್ವಾ?"

ಅವನು ಚಾಕು ಕೈಗೆತ್ತಿಕೊಂಡ. ಪೇಟೆ ಬೆಲೆ ಎಷ್ಟೋ ಅಷ್ಟನ್ನೂ ಅಕ್ಕನ ಕೈಗೆ ಇಟ್ಟ. ಆಮೇಲೆ ತನ್ನ ಕರವಸ್ತ್ರವನ್ನೇ ಬಿಚ್ಚಿ ಆ ಹಣ ಸುತ್ತಿ, "ಎಲ್ಲರ ಎದುರು ಎಣಿಸಬೇಡಿ ಅಕ್ಕಾ, ಒಳಗೆ ಇಟ್ಕೊಳ್ಳಿ" ಎಂದ.

ನೋಡಬಾರದು ಎಂದುಕೊಂಡೇ ಅವಳು ಅದನ್ನು ನೋಡಿದಳು.

ಅಷ್ಟು ಹಣ ಅವಳ ಬಳಿ ಇರಲಿಲ್ಲ. ಹಿಂತಿರುಗಿ ನೋಡದೆ ಹೊರಟಳು. ಸಂತೆ ದಾಟುವವರೆಗೂ ತಲೆ ಎತ್ತಿಯೇ ನಡೆದಳು, ತಿರುವಿನಲ್ಲಿ ಮಾತ್ರ ಕಣ್ಣು ಒರೆಸಿಕೊಂಡಳು.

ಏಕೆಂದರೆ ಆ ಗುಬ್ಬಿ... ಅವಳ ತಾತನ ಗುಬ್ಬಿ!

*

ಆ ಗುರುತಿನ ಪ್ರತಿ ಚಾಕುವನ್ನೂ ತಾತ ಮನೆಯ ಹಿಂದಿನ ಕುಲುಮೆಯಲ್ಲಿ ಕೂತು ಮಾಡಿದ್ದ. ತೋಟದವರಿಗೆ, ಬಡಗಿಗಳಿಗೆ, ಪೆನ್ಸಿಲ್ ಕೆತ್ತುವ ಮೇಷ್ಟರಿಗೆ ಮಾರಿದ್ದ. ಕೊಳ್ಳಲು ಬಂದವರ ಕೈಗೆ ಚಾಕು ಕೊಡುವ ಮೊದಲು ಅದರಿಂದಲೇ ಒಂದು ಸೇಬು ಕೊಯ್ಯುತ್ತಿದ್ದ. ಅರ್ಧ ಕೊಂಡವರಿಗೆ, ಅರ್ಧ ಹೊಸ್ತಿಲ ಮೇಲೆ ಕೂತಿರುತ್ತಿದ್ದ ಮೊಮ್ಮಗಳಿಗೆ. "ಹಣ್ಣು ಕೊಯ್ಯೋವರೆಗೆ ನನ್ನ ಕೆಲಸ ಮುಗಿದಿಲ್ಲ ಪುಟ್ಟೀ" ಎನ್ನುತ್ತಿದ್ದ. ಅಂಗಡಿಗಳಿಗೆ ಸಗಟಾಗಿ ಹೋದವು ಮಾತ್ರ ಹಣ್ಣಿನ ರುಚಿ ಕಾಣದೆ ಹೋದವು.

ಮನೆಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ ಪುಣ್ಯಾತ್ಮ. "ಬೇಕಾದ್ರೆ ನಾಳೆ ಇನ್ನೊಂದು ಮಾಡಿದ್ರಾಯ್ತು" ಎನ್ನುತ್ತಲೇ ಒಂದು ದಿನ ಕಣ್ಣು ಮುಚ್ಚಿದ.

ಅಲ್ಲಿಂದ ಶುರುವಾಯಿತು ನೋಡಿ ಬೆಲೆಯ ಓಟ! ಫೋನಿನಲ್ಲಿ ಮಡಿಚಾಕು ಬಳಗ ಅಂತ ಒಂದು ಗುಂಪು. ಒಬ್ಬರು ಕೊಳ್ಳುವುದು, ವಾರ ಕಳೆಯುವುದರೊಳಗೆ ಇನ್ನೊಬ್ಬರಿಗೆ ಮಾರುವುದು, ಪ್ರತಿ ಕೈ ದಾಟಿದಾಗಲೂ ಬೆಲೆ ಒಂದು ಮೆಟ್ಟಿಲು ಮೇಲಕ್ಕೆ. ಅದರಲ್ಲೂ ಒಂದೂ ಹಣ್ಣು ಕೊಯ್ಯದ, ಮಿರಿಮಿರಿ ಮಿಂಚುವ ಅಲಗಾದರೆ ಕೇಳುವುದೇ ಬೇಡ.

ಅವಳು ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಚಾಕುಗಳಿಗೆ ಚರ್ಮದ ಒರೆ ಹೊಲಿಯುವ ಕೆಲಸ. ಬಳಗದವರೆಲ್ಲ ಅವಳನ್ನು ಒರೆಯವಳು ಎಂದೇ ಕರೆಯುತ್ತಿದ್ದರು. ತಾತನ ಚಾಕುಗಳು ಒಂದೊಂದಾಗಿ ಅವಳ ಮೇಜಿಗೆ ಬರುತ್ತಿದ್ದವು. ಅಳತೆ ತೆಗೆದು, ಹೊಲಿದು, ಹಿಂದಿರುಗಿಸುತ್ತಿದ್ದಳು. ತನ್ನ ಮನೆಯ ಮಕ್ಕಳಿಗೆ ಅಂಗಿ ಹೊಲಿದು ಬೇರೆಯವರ ಮನೆಗೆ ಕಳಿಸಿದ ಹಾಗೆ!

ತಾನು ಯಾರ ಮೊಮ್ಮಗಳು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. 'ನನ್ನ ಹೊಲಿಗೆ ನೋಡಿ ಬರಲಿ. ತಾತನ ಹೆಸರು ಹಿಡಿದುಕೊಂಡು ಯಾರೂ ಬರುವುದು ಬೇಡ.' ಅವಳ ಹಟ ಅದು. ಆ ಹಟದಲ್ಲಿ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ.

ಬೇಕಾಗಿದ್ದು ಒಂದೇ ಒಂದು. ತಾತ ಮಾಡಿದ ಒಂದು ಚಾಕು, ತನ್ನದು ಎನ್ನುವುದಕ್ಕೆ.

*

ಆ ವಾರವೇ, ಸೈಕಲ್ ಅಂಗಡಿಯ ಮೇಲಿದ್ದ ಅವಳ ಕೋಣೆಯ ಬಾಗಿಲನ್ನು ಯಾರೋ ತಟ್ಟಿದರು.

"ಒರೆ ಹೊಲಿಯೋರು ಇಲ್ಲೇನಾ..." ಎನ್ನುತ್ತ ಒಳಗೆ ಬಂದವನು ಅಲ್ಲೇ ನಿಂತ. "ನೀವಾ!"

"ನೀವಾ!"

ಅವಳ ಕೈಯಲ್ಲಿ ಚರ್ಮ ಚುಚ್ಚುವ ಚೂಪಾದ ದಬ್ಬಳವಿತ್ತು. ಅವನು ಅದನ್ನೊಮ್ಮೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ನಾನು ಕನ್ನಡಕದಂಗಡಿಯವನು. ದಲ್ಲಾಳಿ ಅಲ್ಲ. ಮೊದಲು ಅದನ್ನ ಕೆಳಗಿಟ್ರೆ ಉಳಿದದ್ದು ಹೇಳ್ತೀನಿ."

ಅವಳಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡಳು. ಒರೆಯ ಬೆಲೆ ಕೇಳಿದಾಗ ಬೇಕೆಂದೇ ದುಪ್ಪಟ್ಟು ಹೇಳಿದಳು.

"ಆಗಲಿ" ಎಂದ.

"ಚೌಕಾಸಿ ಮಾಡಲ್ವಾ?"

"ನಿಮ್ಮ ಹೊಲಿಗೆ ನೋಡಿದ್ದೀನಿ. ಇನ್ನೂ ಕೇಳಬಹುದಿತ್ತು."

'ಅಯ್ಯೋ ಇವನ!' ಎಂದುಕೊಂಡಳು ಅವಳು. ಜಗಳಕ್ಕೆ ಸರಿಯಾಗಿ ಜೊತೆ ಕೊಡದವನ ಹತ್ತಿರ ಎಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿರುವುದು? ಕೊನೆಗೆ ನ್ಯಾಯವಾದ ಬೆಲೆಯನ್ನೇ ಹೇಳಿ ಚಾಕು ತೆಗೆದುಕೊಂಡಳು.

ಅಲ್ಲಿಂದ ಅವನಿಗೆ ಬರಲು ಒಂದಲ್ಲ ಒಂದು ನೆಪ. ದಾರದ ಬಣ್ಣ ಕೇಳಲು, ಗುಂಡಿ ಎಡಕ್ಕೋ ಬಲಕ್ಕೋ ಹೇಳಲು, ಹೋದ ಸಲ ಹೇಳಿದ್ದು ತಪ್ಪು ಎಂದು ತಿದ್ದಲು.

ಒಮ್ಮೆ ಬಂದವನು ಅವಳ ಅಮ್ಮನ ಮುಖ ನೋಡಿ ನಿಂತ. "ಅಮ್ಮಾ, ಮೂಗಿನ ಮೇಲೆ ಗಾಯ ಆಗಿದೆಯಲ್ಲ. ಕನ್ನಡಕ ಒತ್ತುತ್ತೆ ಅಂತ ಯಾರಿಗೂ ಹೇಳ್ಲಿಲ್ವಾ?"

"ಏನೋ ಬಿಡಪ್ಪ, ಅಭ್ಯಾಸ ಆಗಿದೆ."

"ನೋವಿಗೂ ಅಭ್ಯಾಸನಾ?" ಎಂದು ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು ನೆಲದ ಮೇಲೆಯೇ ಕೂತ. ಮೂಗಿನ ಮೇಲೆ ಕೂರುವ ಮೆತ್ತನೆಯ ಹೊಸ ಬಿಲ್ಲೆ ಹಾಕಿ, ಕಡ್ಡಿ ಬಗ್ಗಿಸಿ, ತಾನೇ ಅಮ್ಮನ ಮುಖಕ್ಕೆ ಏರಿಸಿ, ಕಿವಿಯ ಹಿಂದಿನ ಕೂದಲನ್ನು ಬಿಡಿಸಿಕೊಟ್ಟ. ಹೊರಡುವಾಗ ಮೇಜಿನ ದೀಪವನ್ನು ಎತ್ತಿ ಎಡಗಡೆಗಿಟ್ಟ. ಆ ದಿನದಿಂದ ಅವಳ ಹೊಲಿಗೆಯ ಮೇಲೆ ಅವಳದೇ ಕೈಯ ನೆರಳು ಬೀಳುವುದು ನಿಂತಿತು.

ಇಷ್ಟು ವರ್ಷ ಈ ನೆರಳಿನಲ್ಲೇ ಹೊಲಿದೆನಲ್ಲ! ಅವಳಿಗೇ ಆಶ್ಚರ್ಯ.

"ಒಂದು ಒರೆಗೆ ಇಷ್ಟು ಸಲ ಬರೋ ಗಿರಾಕೀನ ನಾನು ಕಂಡೇ ಇಲ್ಲ" ಎಂದಳು ಅಮ್ಮ, ಕನ್ನಡಕದ ಮೇಲಿನಿಂದ ಮಗಳನ್ನು ನೋಡುತ್ತ.

"ಅಳತೆ ಕಷ್ಟದ್ದು ಕಣಮ್ಮಾ."

"ಹೌದು ಹೌದು. ಯಾರ ಅಳತೆ ಯಾರು ತಗೊಳ್ತಿದೀರೋ!"

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು. "ಇದನ್ನ ಯಾವಾಗ ಮಾರ್ತೀರಾ?"

"ಮಾರಲ್ಲ." ಅವನು ಚಾಕು ಬಿಚ್ಚಿ ಮಡಿಸಿದ. ಟಕ್! "ದಿನವಿಡೀ ನನ್ನ ಅಂಗಡೀಲಿ ಗಾಜಿನ ಸದ್ದು. ಈ ಸದ್ದು ಮಾತ್ರ... ಯಾರೋ ಹಿರಿಯರು ಆಯ್ತು, ಸರಿಯಾಗಿದೆ ಅಂದ ಹಾಗಿರುತ್ತೆ."

ಅವಳು ಮುಖ ತಿರುಗಿಸಿಕೊಂಡಳು. ಆ ಟಕ್ ಕೇಳುತ್ತಲೇ ಅವಳು ನಿದ್ದೆ ಹೋಗುತ್ತಿದ್ದ ಕಾಲವೊಂದಿತ್ತು.

*

ಒರೆ ಮುಗಿಯಿತು. ಕಂದು ಚರ್ಮ, ಮೇಣ ಹಚ್ಚಿದ ದಾರ, ಒಂದು ಹೊಲಿಗೆಯೂ ಅತ್ತಿತ್ತ ಇಲ್ಲ. ಸಂಜೆ ಅವನು ಬರುವವನಿದ್ದ. ಅವಳು ಕಿಟಕಿಯ ಬಳಿ ಕೂತು ಚಾಕು ಬಿಚ್ಚಿದಳು. ಪಕ್ಕದ ಬುಟ್ಟಿಯಲ್ಲಿ ಸೇಬಿತ್ತು.

ಏನು ಮಾಡುತ್ತಿದ್ದೇನೆ ಎಂಬ ಅರಿವು ಬರುವ ಮೊದಲೇ... ಹಣ್ಣು ಎರಡಾಗಿತ್ತು!

ಕೈ ತನ್ನಷ್ಟಕ್ಕೆ ತಾತನ ಕೆಲಸ ಮುಗಿಸಿಬಿಟ್ಟಿತ್ತು.

"ಅಯ್ಯೋ... ಅಯ್ಯೋ ದೇವರೇ!"

ತಕ್ಷಣ ಒರೆಸಿದಳು, ಮತ್ತೆ ಒರೆಸಿದಳು. ಎಷ್ಟು ಒರೆಸಿದರೇನು? ತಾತನ ಉಕ್ಕಿಗೆ ಹಣ್ಣಿನ ಹುಳಿ ತಾಗಿದರೆ ಸಾಕು, ಗುರುತು ಹಿಡಿದುಕೊಳ್ಳುತ್ತದೆ. ಕನ್ನಡಿಯಂತಿದ್ದ ಅಲಗಿನ ಮೇಲೆ ಬೂದು ನೀಲಿಯ ಒಂದು ಮೋಡ ಮೂಡಿತ್ತು. ಪೇಟೆಯಲ್ಲಿ ಆ ಮೋಡದ ಅರ್ಥ ಒಂದೇ, ಬೆಲೆ ಅರ್ಧಕ್ಕಿಂತ ಕೆಳಗೆ.

ಹೊಲಿಯಲು ಕೊಟ್ಟ ಚಾಕುವಿನಲ್ಲಿ ಹಣ್ಣು ಕೊಯ್ಯುತ್ತಾಳೆ ಎಂದು ಸುದ್ದಿಯಾದರೆ? ನಾಳೆಯಿಂದ ಈ ಮೆಟ್ಟಿಲು ಹತ್ತುವವರು ಯಾರು?

ಅವನು ಬಂದ. ಅಲಗು ಬಿಚ್ಚಿದ. ಕನ್ನಡಕ ಹಣೆಗೇರಿಸಿ ತುಸು ಹೊತ್ತು ನೋಡಿದ. ಆಮೇಲೆ ಅವಳ ಮುಖ ನೋಡಿದ.

'ಹೇಳು... ಈಗಲೇ ಹೇಳು!' ಒಳಗಿನಿಂದ ಏನೋ ದೂಡುತ್ತಿತ್ತು. ತುಟಿ ಮಾತ್ರ ತೆರೆಯಲಿಲ್ಲ.

ಟಕ್! ಅವನು ಚಾಕುವನ್ನು ಒರೆಗೆ ಇಳಿಸಿದ. "ತುಂಬಾ ಚೆನ್ನಾಗಿದೆ" ಎಂದಷ್ಟೇ ಹೇಳಿ ಹೊರಟುಹೋದ.

ನಾಳೆ ಹೇಳಿಬಿಡುತ್ತೇನೆ ಎಂದು ಅವಳು ನಿಶ್ಚಯಿಸಿಕೊಂಡಳು. ಆದರೆ ಬೆಳಗಾಗುತ್ತಲೇ ಫೋನಿನಲ್ಲಿ ಕಂಡದ್ದು...

ಬಳಗದ ಗುಂಪಿನಲ್ಲಿ ಅಲಗು ಮಡಿಸಿದ ಅದೇ ಚಾಕುವಿನ ಫೋಟೋ! ಪಕ್ಕದಲ್ಲಿ ಅವಳು ಹೊಲಿದ ಒರೆ. 'ಗುಬ್ಬಿ ಗುರುತು, ಒರೆಯವರ ಕೈಕೆಲಸದ ಒರೆಯೊಂದಿಗೆ.' ಕೆಳಗೆ ಬೆಲೆ. ಕಣ್ಣುಜ್ಜಿಕೊಂಡು ನೋಡಿದಳು. ಅವನು ಅಕ್ಕನಿಗೆ ಕೊಟ್ಟದ್ದರ ಐದರಷ್ಟು!

ಅದರ ಕೆಳಗೆ ಒಂದೇ ಮಾತು. 'ತಗೊಂಡೆ.'

ಬರೆದವರು ಬಳಗದಲ್ಲೆಲ್ಲ ಗಾಜಿನ ಬೀರು ಎಂದು ಹೆಸರಾದ ಹಿರಿಯರು. ಕೊಂಡದ್ದನ್ನೆಲ್ಲ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವವರು. ಬಳಗದ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ತಗೊಂಡೆ ಎಂದರೆ ಮುಗಿಯಿತು, ಹಾಕಿದವರು ಮಾತು ತಪ್ಪುವ ಹಾಗಿಲ್ಲ.

ಮಾರಲ್ಲ ಅಂದವನು! ಸದ್ದು ಇಷ್ಟ ಅಂದವನು! ಐದರಷ್ಟಕ್ಕೆ!

ಸಂತೆಯಲ್ಲಿ ಮೊದಲ ದಿನ ತಾನು ಅಂದದ್ದೇ ಸರಿ. ದಲ್ಲಾಳಿ!

ಅವನ ಫೋನು ಬಂತು, ತೆಗೆಯಲಿಲ್ಲ. ಮಧ್ಯಾಹ್ನ ಅವನೇ ಬಂದ. "ನಾನಿಲ್ಲ ಅಂತ ಹೇಳಮ್ಮಾ" ಎಂದು ಚರ್ಮದ ಸುರುಳಿಗಳ ಹಿಂದೆ ಅಡಗಿದಳು.

ಅಮ್ಮ ಬಾಗಿಲು ತೆರೆದು ಗಟ್ಟಿಯಾಗಿ ಹೇಳಿದಳು, "ಇಲ್ಲ ಅಂತ ಹೇಳೋಕೆ ಹೇಳಿದಾಳಪ್ಪ!"

"ಅಮ್ಮಾ!"

"ನೋಡು, ಇಲ್ಲ ಅಂತ ಅವಳೇ ಕೂಗಿ ಹೇಳ್ತಿದಾಳೆ."

ಅವನು ನಕ್ಕ ಸದ್ದು ಕೇಳಿತು. ಆಮೇಲೆ ನಗುವಿಲ್ಲದ ದನಿ. "ಭಾನುವಾರ ಬಳಗದ ಸಭೆಯಲ್ಲಿ ಚಾಕು ಕೊಡಬೇಕಮ್ಮಾ. ಅಷ್ಟರೊಳಗೆ ಒಂದು ಮಾತು ಹೇಳಬೇಕಿತ್ತು ನಿಮ್ಮ ಮಗಳಿಗೆ." ಮೆಟ್ಟಿಲಿಳಿದು ಹೋದ.

ಭಾನುವಾರ... ಗಾಜಿನ ಬೀರು ಭೂತಗನ್ನಡಿ ಇಲ್ಲದೆ ಯಾವ ಚಾಕುವನ್ನೂ ಮುಟ್ಟುವವರಲ್ಲ. ಆ ಮೋಡ ಅವರಿಗೆ ಕಂಡೇ ಕಾಣುತ್ತದೆ. ಎಲ್ಲರೆದುರು ಅವನನ್ನು ಮೋಸಗಾರ ಎನ್ನುತ್ತಾರೆ.

'ಅನ್ನಲಿ, ಅನುಭವಿಸಲಿ!' ಎಂದುಕೊಂಡಳು.

ಎಡಕ್ಕಿಟ್ಟ ದೀಪ ಉರಿಯುತ್ತಿತ್ತು. ಹೊಲಿಗೆಯ ಮೇಲೆ ನೆರಳಿರಲಿಲ್ಲ. ಅಮ್ಮನ ಮೂಗಿನ ಗಾಯ ಮಾಯ್ದು ಹೋಗಿತ್ತು. ಅವನು ದಲ್ಲಾಳಿಯೇ ಇರಬಹುದು, ಆದರೆ ಅಲಗಿಗೆ ಹಣ್ಣು ತಾಗಿಸಿದ ಕೈ ಅವನದಲ್ಲ.

'ಚಾಕು ಹೋದರೆ ಹೋಗಲಿ. ನಾನು ಮಾಡಿದ್ದಕ್ಕೆ ಇನ್ನೊಬ್ಬರು ತಲೆ ತಗ್ಗಿಸಬಾರದು.'

ನಿರ್ಧರಿಸಿದ ಮೇಲೆ ಅವಳಿಗೆ ಹಗುರವೆನಿಸಿತು. ಅವಳ ಸ್ವಭಾವವೇ ಹಾಗೆ. ಹೆದರಿಕೆಯೆಲ್ಲ ಬಾಗಿಲ ತನಕ, ಬಾಗಿಲು ದಾಟಿದ ಮೇಲೆ ಇಲ್ಲ.

*

ಸಭೆ ನಡೆಯುತ್ತಿದ್ದುದು ವಾಚನಾಲಯದ ಮೇಲಿನ ಹಾಲಿನಲ್ಲಿ. ಮೇಜುಗಳ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಚಾಕುಗಳ ಸಾಲು. ಅವಳು ಬಾಗಿಲಿಗೆ ಬರುವಾಗಲೇ ಗಾಜಿನ ಬೀರು ಅವರ ದನಿ ಹೊರಗೆ ಕೇಳುತ್ತಿತ್ತು.

"ಏನ್ರೀ ಇದು? ಅಲಗಿನ ಮೇಲೆ ಮೋಡ! ಇದು ಹಣ್ಣು ಕೊಯ್ದ ಚಾಕು!"

"ಹೌದು, ಕೊಯ್ದಿದೆ" ಎಂದ ಅವನು. "ಅದನ್ನ ಹೇಳೋಣ ಅಂತಲೇ ನಿಮಗೆ ಫೋನ್ ಮಾಡಿದ್ದೆ. ಸಿಗಲಿಲ್ಲ ನೀವು."

"ಐದರಷ್ಟು ಬೆಲೆ ಹಾಕಿ, ಕೊಯ್ದ ಚಾಕು ತಂದಿಡ್ತೀರಾ? ಯಾರು ಕೊಯ್ದಿದ್ದು?"

ಎಲ್ಲರೂ ಮೇಜಿನತ್ತ ಬಗ್ಗಿದರು.

"ಚಾಕು ನನ್ನದು. ಅದರ ಮೇಲಿರೋ ಗುರುತಿಗೂ ನಾನೇ ಜವಾಬ್ದಾರಿ" ಎಂದ ಅವನು.

ಅವಳ ಕಾಲು ಬಾಗಿಲಲ್ಲೇ ನಿಂತಿತು. ಗೊತ್ತಿತ್ತಾ... ಇವನಿಗೆ ಗೊತ್ತಿತ್ತಾ? ಗೊತ್ತಿದ್ದೂ ಹೆಸರು ಹೇಳುತ್ತಿಲ್ಲವೇ?

"ಕೊಯ್ದಿದ್ದು ನಾನು!"

ಎಲ್ಲರ ಕುತ್ತಿಗೆ ಒಟ್ಟಿಗೆ ತಿರುಗಿತು. ಅವಳು ನೇರ ಮೇಜಿನ ಬಳಿಗೆ ಬಂದಳು. "ಒರೆ ಹೊಲಿದು ಮುಗಿಸಿದ ದಿನ ನಾನೇ ಸೇಬು ಕೊಯ್ದೆ. ಅವರನ್ನ ಕೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅದು ನನ್ನ ತಪ್ಪು. ಆದ್ರೆ ಯಾಕೆ ಕೊಯ್ದೆ ಅಂತ ಹೇಳ್ತೀನಿ, ಕೇಳಿ. ಈ ಗುಬ್ಬಿ ಒತ್ತಿದ ಕೈ ನನ್ನ ತಾತಂದು."

ಗಾಜಿನ ಬೀರು ಅವರ ಭೂತಗನ್ನಡಿ ಹಸಿರು ಬಟ್ಟೆಯ ಮೇಲೆ ಬಿತ್ತು.

"ಮನೆಗೆ ಬಂದು ಕೊಳ್ಳೋರ ಪ್ರತಿ ಚಾಕೂಲೂ ತಾತ ಒಂದು ಹಣ್ಣು ಕೊಯ್ದು, ಅರ್ಧ ಕೊಂಡವರಿಗೆ ಕೊಟ್ಟು, ಆಮೇಲೆ ಚಾಕು ಕೊಡ್ತಿದ್ದ. ಹಣ್ಣು ಕೊಯ್ಯೋವರೆಗೆ ಕೆಲಸ ಮುಗಿದಿಲ್ಲ ಅನ್ನೋನು. ಅಂಗಡಿಗೆ ಸಗಟಾಗಿ ಹೋಗಿ, ಈಗ ನೀವು ಐದರಷ್ಟು ಕೊಟ್ಟು ಕೊಳ್ಳೋದೆಲ್ಲ ಅವನ ಪ್ರಕಾರ ಇನ್ನೂ ಕೆಲಸ ಮುಗೀದ ಚಾಕುಗಳು. ಇದೊಂದು ನನ್ನ ಕೈಯಲ್ಲಿ ಮುಗೀತು. ಅಷ್ಟೇ."

ಮೂಲೆಯಲ್ಲಿ ಯಾರೋ ಮೆಲ್ಲಗೆ ತಮ್ಮ ಚಾಕುವಿನ ಅಲಗನ್ನು ತಿರುಗಿಸಿ ನೋಡಿಕೊಂಡರು.

"ಗುಬ್ಬಿ ಯಜಮಾನರ ಮೊಮ್ಮಗಳಾ ನೀವು!" ಗಾಜಿನ ಬೀರು ಅವರಿಗೆ ಈಗ ಉಸಿರು ಬಂತು. "ಮೊದಲೇ ಹೇಳಿದ್ರೆ ನಿಮ್ಮ ಒರೆಗಳಿಗೆ ಹತ್ತರಷ್ಟು ಬೆಲೆ ಬರ್ತಿತ್ತಲ್ಲಮ್ಮಾ!"

"ಅದಕ್ಕೇ ಹೇಳ್ಲಿಲ್ಲ."

ಸಭೆಯೆಲ್ಲ ನಕ್ಕಿತು. ಹಿರಿಯರೂ ಪೆಚ್ಚಾಗಿ ನಕ್ಕರು. "ಆಗಲಿ. ಕೊಯ್ದ ಚಾಕು ನನ್ನ ಬೀರುಗೆ ಬರಲ್ಲ. ನನ್ನ ಮಾತು ನಾನೇ ವಾಪಸ್ ತಗೊಂಡೆ, ಇವರದೇನೂ ತಪ್ಪಿಲ್ಲ." ಹೊರಡಲೆಂದು ಎದ್ದವರು ಅವಳ ಕಡೆ ಬಗ್ಗಿ ಮೆತ್ತಗೆ ಕೇಳಿದರು, "ಅದಿರಲಿ... ಹಣ್ಣಿನಲ್ಲಿ ಅಲಗು ಹೇಗೆ ಓಡ್ತು? ನನ್ನ ಹತ್ರ ಅಷ್ಟೊಂದಿವೆ. ಒಂದನ್ನೂ ಓಡಿಸಿ ನೋಡಿಲ್ಲಮ್ಮಾ."

ಅವಳ ಮನಸ್ಸು ಕರಗಿತು. "ಬೆಣ್ಣೇಲಿ ಓಡಿದ ಹಾಗೆ" ಎಂದಳು.

*

ಮೆಟ್ಟಿಲಿನಲ್ಲಿ ಇಬ್ಬರೇ.

"ಮಾರಲ್ಲ ಅಂದವರು ಯಾಕೆ ಹಾಕಿದ್ರಿ?"

"ಮಾರೋಕೆ ಹಾಕಿದ್ದಲ್ಲ ಕಣ್ರೀ! ನಿಮ್ಮ ಒರೆ ನಾಲ್ಕು ಜನ ನೋಡ್ಲಿ ಅಂತ ಫೋಟೋ ಹಾಕಿದೆ. ಬೆಲೆ ಬರೀದೆ ಫೋಟೋ ಹಾಕೋ ಹಾಗಿಲ್ಲ ಅಂತ ಗುಂಪಿನ ಕಟ್ಟಳೆ. ಯಾವ ಹುಚ್ಚನೂ ಕೊಡಲ್ಲ ಅನ್ನೋ ಬೆಲೆ ಬರೆದೆ."

"ನಮ್ಮ ಬಳಗದಲ್ಲಿ ಹುಚ್ಚರಿಗೇನು ಬರಾನಾ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಕೇಳಿದಳು, "ಮೋಡ ಅವತ್ತೇ ಕಾಣಿಸಿತ್ತಾ?"

"ಗಾಜಿನ ಮೇಲಿನ ಕೂದಲೆಳೆ ಗೀರು ಹುಡುಕಿ ಊಟ ಮಾಡೋನು ನಾನು. ಮೋಡ ಕಾಣಲ್ವಾ?"

"ಮತ್ತೆ ಕೇಳ್ಲಿಲ್ಲ ಯಾಕೆ?"

"ನಿಮ್ಮ ಕಣ್ಣು ಕೆಂಪಾಗಿತ್ತು. ಮೇಜಿನ ಮೇಲೆ ಅರ್ಧ ಸೇಬು ತಟ್ಟೆ ಮುಚ್ಚಿಟ್ಟಿದ್ರಿ, ಅಂಚಲ್ಲಿ ಕಾಣ್ತಿತ್ತು. ಏನೋ ದೊಡ್ಡದೇ ಇದೆ, ಹೇಳಬೇಕು ಅನ್ನಿಸಿದಾಗ ಹೇಳ್ತೀರಿ ಅಂದುಕೊಂಡೆ."

ಆ ಅರ್ಧ... ಕೊಂಡವರ ಪಾಲು. ಕೊಡಲು ಧೈರ್ಯ ಸಾಲದೆ ಮುಚ್ಚಿಟ್ಟದ್ದು.

"ಸಂತೇಲಿ ಅವತ್ತು ನೀವಂದಿದ್ದು ಸರಿ. ಅಕ್ಕನಿಗೆ ಹೇಳದೆ ತಂದಿದ್ರೆ ಆ ಚಾಕೂನ ನನಗೆ ನೋಡೋಕೆ ಆಗ್ತಿರಲಿಲ್ಲ. ತಾತ ಇದ್ದಿದ್ರೆ ನಿಮ್ಮ ಕಡೆನೇ ಮಾತಾಡ್ತಿದ್ದ."

ಅವನು ಒರೆಯ ಸಮೇತ ಚಾಕುವನ್ನು ಅವಳ ಅಂಗೈಯಲ್ಲಿಟ್ಟ. "ತಗೊಳ್ಳಿ. ಇದು ಮನೆಗೆ ಹೋಗ್ಲಿ."

"ಪುಕ್ಕಟೆ ಬೇಡ. ಬೆಲೆ ಹೇಳಿ."

"ಸಂತೆ ಬೆಲೇನಾ, ಬಳಗದ ಬೆಲೇನಾ?"

"ನಿಮ್ಮ ಬೆಲೆ."

"ನನ್ನ ಅರ್ಧ ಹಣ್ಣು ಬಾಕಿ ಇದೆ."

ಅವಳು ದಡದಡ ಮೆಟ್ಟಿಲಿಳಿದು, ಕೆಳಗೆ ನಿಂತಿದ್ದ ತಳ್ಳುಗಾಡಿಯಿಂದ ಕೆಂಪನೆಯ ಒಂದು ಸೇಬು ಆರಿಸಿ ತಂದಳು. ಅಷ್ಟರಲ್ಲಿ ಕೊನೆಯ ಮೆಟ್ಟಿಲಿಗೆ ಇಳಿದು ಕೂತಿದ್ದ ಅವನ ಪಕ್ಕ ಕೂತು ಅಲಗು ಬಿಚ್ಚಿದಳು. ಈ ಸಲ ಬೇಕೆಂದೇ ಹಣ್ಣು ಕೊಯ್ದಳು. ಮೋಡದ ಪಕ್ಕದಲ್ಲಿ ಇನ್ನೊಂದು ಮೋಡ ಮೂಡಿತು. ಮೂಡಲಿ!

ಅವನ ಪಾಲನ್ನು ಅವನ ಕೈಗಿಟ್ಟಳು. ದೊಡ್ಡದನ್ನೇ ಕೊಟ್ಟಳು.

"ಒಂದು ಅರ್ಧ ಹಣ್ಣಿಗೆ ಗುಬ್ಬಿ ಗುರುತಿನ ಚಾಕು! ಪೇಟೇಲಿ ಕೇಳಿದ್ರೆ ನಗ್ತಾರೆ" ಎಂದ ಅವನು.

"ದಿನಾ ಒಂದು ಅರ್ಧ ಕೊಟ್ರೆ?"

ಅವನು ಕಚ್ಚಿದ್ದನ್ನು ಅಗಿಯುವುದನ್ನೇ ಮರೆತ. ಕನ್ನಡಕ ತೆಗೆದು ಅವಳನ್ನು ನೋಡಿದ. "ದಿನಾ... ಎಲ್ಲಿಯವರೆಗೆ?"

"ಈ ಅಲಗು ಸವೆಯೋವರೆಗೆ."

"ನಿಮ್ಮ ತಾತ ಮಾಡಿದ ಅಲಗು ಸವೆಯುತ್ತಾ?"

ಅವಳು ಚಾಕುವನ್ನು ಸೆರಗಿನಲ್ಲಿ ಒರೆಸಿ ಮಡಿಸಿದಳು. ಟಕ್!

"ಇಲ್ಲ" ಎಂದಳು.